ಬೆಳಗಿನ ಕೀಲುಬಿಗಿತ ಮತ್ತು ಸ್ಟೀರಾಯ್ಡ್ ಮಾತ್ರೆ: ಎಷ್ಟು ಗಂಟೆಗೆ ನುಂಗಬೇಕು, ಸಮಯ ಬದಲಿಸುವುದು ಹೇಗೆ

"ಅಣ್ಣಾ, ಈ ಮಾತ್ರೆ ರಾತ್ರಿ ತಗೊಂಡ್ರೆ ಬೆಳಿಗ್ಗೆ ಕೈ ಹಿಡ್ಕೊಳ್ಳೋದು ತಪ್ಪುತ್ತಾ?" ಹಾಸನದ ನಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ವಾರಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಆಲೂರು, ಬೇಲೂರು, ಸಕಲೇಶಪುರದ ಕಡೆಯವರು ಚಳಿ ಶುರುವಾದ ಮೇಲಂತೂ ಇದನ್ನೇ ಕೇಳುತ್ತಾರೆ. ಹಾಲು ಕರೆಯುವ ಹೊತ್ತಿಗೆ ಬೆರಳು ಮಡಚುವುದಿಲ್ಲ, ತೋಟಕ್ಕೆ ಹೊರಡುವ ಹೊತ್ತಿಗೆ ಮೊಣಕಾಲು ಏಳುವುದಿಲ್ಲ. ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಅರ್ಧ ದಿನ ಮುಗಿದಿರುತ್ತದೆ. ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಈ ಲೇಖನ ಯಾರಿಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರುಮಟಾಯ್ಡ್ ಆರ್ಥರೈಟಿಸ್, ಅಂದರೆ ನಮ್ಮ ಕಡೆ ಸಂಧಿವಾತ ಅನ್ನುವ ಕಾಯಿಲೆ, ಅಥವಾ ಅದರಂತೆ ಕೀಲು ಊದಿ ನೋಯುವ ಬೇರೆ ಕಾಯಿಲೆಗೆ ಡಾಕ್ಟರೇ ಚೀಟಿ ಬರೆದು ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದಾರೆ, ಆದರೂ ಬೆಳಗಿನ ನೋವು ಹೋಗಿಲ್ಲ ಅನ್ನುವವರಿಗೆ. ಆಸ್ತಮಾ, ಕಿಡ್ನಿ ತೊಂದರೆ, ಚರ್ಮದ ಕಾಯಿಲೆ, ಅಡ್ರಿನಲ್ ಗ್ರಂಥಿಯ ಕಾಯಿಲೆ ಅಂತ ಸ್ಟೀರಾಯ್ಡ್ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಅವರು ಇದನ್ನು ಓದಿ ಏನನ್ನೂ ಬದಲಿಸಬೇಡಿ.

ಇನ್ನೊಂದು ಮಾತು. ಗಂಟೆ ಬದಲಿಸುವುದು ಬೇರೆ, ಪ್ರಮಾಣ ಬದಲಿಸುವುದು ಬೇರೆ. ಎಷ್ಟು ಮಿಲಿಗ್ರಾಂ ಎಂಬುದನ್ನು ನಾನೂ ಮುಟ್ಟುವುದಿಲ್ಲ, ನೀವೂ ಮುಟ್ಟಬಾರದು. ಗಂಟೆಯನ್ನು ಕೂಡ ಡಾಕ್ಟರಿಗೆ ಹೇಳಿಯೇ ಬದಲಿಸಬೇಕು. ಆದರೆ ಡಾಕ್ಟರು ಸರಿಯಾಗಿ ತೀರ್ಮಾನಿಸಲು ಬೇಕಾದ ಮಾಹಿತಿ ನಿಮ್ಮ ಕೈಯಲ್ಲಿ ಮಾತ್ರ ಇರುತ್ತದೆ. ಅದನ್ನು ಹೇಗೆ ಕೂಡಿಹಾಕುವುದು, ಹೇಗೆ ಕೇಳುವುದು, ಬದಲಿಸಿದ ಮೇಲೆ ಏನೇನು ನೋಡಬೇಕು, ಇಷ್ಟೇ ಇಲ್ಲಿರುವುದು.

ಗಂಟೆಗೆ ಯಾಕೆ ಇಷ್ಟು ಬೆಲೆ

ನಮ್ಮ ಎರಡೂ ಕಿಡ್ನಿಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಎರಡು ಪುಟ್ಟ ಗ್ರಂಥಿಗಳಿವೆ. ಅಡ್ರಿನಲ್ ಗ್ರಂಥಿ ಅನ್ನುತ್ತಾರೆ. ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ತಯಾರಾಗುವುದು ಅಲ್ಲೇ. ಇದು ದಿನವಿಡೀ ಒಂದೇ ಸಮ ಇರುವುದಿಲ್ಲ. ಮಧ್ಯರಾತ್ರಿ ಹೊತ್ತಿಗೆ ತೀರಾ ಕಡಿಮೆ. ಎರಡು ಮೂರು ಗಂಟೆಯಿಂದ ಏರಲು ಶುರುವಾಗಿ, ಬೆಳಿಗ್ಗೆ ಏಳುವ ಹೊತ್ತಿಗೆ ತುದಿ ಮುಟ್ಟುತ್ತದೆ. ಆಮೇಲೆ ಸಂಜೆಯವರೆಗೂ ಇಳಿಯುತ್ತಾ ಹೋಗುತ್ತದೆ.

ಸಂಧಿವಾತ ಇರುವವರಲ್ಲಿ ಇದರ ಜೊತೆಗೆ ಇನ್ನೊಂದು ನಡೆಯುತ್ತದೆ. ಕೀಲಿನಲ್ಲಿ ಉರಿಯೂತ, ಅಂದರೆ ಊತ, ಬಿಸಿ, ನೋವು ಎಬ್ಬಿಸುವ ಕೆಲವು ರಾಸಾಯನಿಕಗಳು ರಾತ್ರಿಯ ಎರಡನೇ ಅರ್ಧದಲ್ಲೇ ಏರುತ್ತವೆ. ಇಂಟರ್‌ಲ್ಯೂಕಿನ್-6 ಅಂತ ಒಂದಿದೆ, ಅದು ಇವುಗಳಲ್ಲಿ ಮುಖ್ಯವಾದದ್ದು. ದೇಹದ ಕಾರ್ಟಿಸೋಲ್ ಅದನ್ನು ತಣಿಸಲು ಸಾಲುವುದಿಲ್ಲ. ಹಾಗಾಗಿ ನಸುಕಿನಲ್ಲಿ ಎದ್ದಾಗಲೇ ಕೀಲು ಹೆಚ್ಚು ಬಿಗಿದಿರುತ್ತದೆ. ನೀವು ತಿಂಡಿ ಮುಗಿಸಿ ಒಂಬತ್ತೂವರೆಗೆ ಮಾತ್ರೆ ನುಂಗಿದರೆ, ಅದು ರಕ್ತಕ್ಕೆ ಸೇರಿ ತುದಿ ಮುಟ್ಟಲು ಒಂದೆರಡು ಗಂಟೆ, ಪರಿಣಾಮ ಕಾಣಿಸಲು ಇನ್ನೂ ಸ್ವಲ್ಪ ಹೊತ್ತು. ಅಷ್ಟರಲ್ಲಿ ಮಧ್ಯಾಹ್ನ.

ಸ್ವೀಡನ್‌ನ ವೈದ್ಯರು 1997ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನ ಇದನ್ನೇ ಪರೀಕ್ಷಿಸಿತು. 26 ರೋಗಿಗಳು. ಕೆಲವರಿಗೆ ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ನಸುಕಿನ 2 ಗಂಟೆಗೆ ಎಬ್ಬಿಸಿ ಕೊಟ್ಟರು, ಉಳಿದವರಿಗೆ ಬೆಳಿಗ್ಗೆ 7.30ಕ್ಕೆ. 2 ಗಂಟೆಗೆ ತೆಗೆದುಕೊಂಡವರಿಗೆ ಬೆಳಗಿನ ಬಿಗಿತ, ನೋವು ಎರಡೂ ಹೆಚ್ಚು ತಗ್ಗಿದವು. ದಿನಾ ರಾತ್ರಿ ಎರಡಕ್ಕೆ ಯಾರು ಏಳುತ್ತಾರೆ ಅಲ್ವಾ? ಅದಕ್ಕೇ ಯುರೋಪಿನಲ್ಲಿ ಮಲಗುವಾಗ ನುಂಗಿದರೆ ಸುಮಾರು 4 ಗಂಟೆ ಬಿಟ್ಟು ಹೊಟ್ಟೆಯೊಳಗೆ ಕರಗುವ ವಿಶೇಷ ಮಾತ್ರೆ ತಯಾರಿಸಿದರು. 288 ಜನರ ಮೇಲೆ 12 ವಾರ ನಡೆದ ಅದರ ಪರೀಕ್ಷೆಯ ಫಲ 2008ರಲ್ಲಿ ಬಂತು. ಬೆಳಗಿನ ಬಿಗಿತ ಸರಾಸರಿ 44 ನಿಮಿಷ ಇಳಿದಿತ್ತು. ಅದೇ ಔಷಧಿಯ ಸಾದಾ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಂಡವರಲ್ಲಿ 23 ನಿಮಿಷ.

ಈ ಸುದ್ದಿ ಎಲ್ಲೋ ಕೇಳಿಯೇ ಜನ "ರಾತ್ರಿ ತಗೊಂಡ್ರೆ ಒಳ್ಳೇದಂತೆ" ಅಂತ ಬರುತ್ತಾರೆ. ದಯವಿಟ್ಟು ಗಮನಿಸಿ. ಆ ಮಾತ್ರೆ ಬೇರೆ. ನಮ್ಮ ಕಡೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸಾದಾ ಮಾತ್ರೆ. ಅದನ್ನು ರಾತ್ರಿ ಹತ್ತಕ್ಕೆ ನುಂಗಿದರೆ ಮಧ್ಯರಾತ್ರಿಗೇ ತುದಿ ಮುಟ್ಟುತ್ತದೆ. ನಿದ್ದೆ ಹಾಳು, ಬೇರೆ ತೊಂದರೆಯೂ ಇದೆ, ಅದನ್ನು ಹಂತ 5ರಲ್ಲಿ ಹೇಳುತ್ತೇನೆ.

ಹಂತ 1: ನಿಮ್ಮ ಮಾತ್ರೆ ಯಾವುದು ಅಂತ ಗೊತ್ತಿರಲಿ

"ಆ ಚಿಕ್ಕ ಬಿಳಿ ಮಾತ್ರೆ" ಅಂದರೆ ಸಾಲದು. ಸ್ಟ್ರಿಪ್ ತಿರುಗಿಸಿ ಓದಿ. ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು: ವೈಸೊಲೋನ್, ಓಮ್ನಾಕಾರ್ಟಿಲ್, ಮೆಡ್ರಾಲ್, ಹೀಗೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಮತ್ತು ಮಿಲಿಗ್ರಾಂ ಇರುತ್ತದೆ. ಇದು ಮುಖ್ಯ, ಯಾಕೆಂದರೆ ಒಂದರ ಮಿಲಿಗ್ರಾಂ ಇನ್ನೊಂದರ ಮಿಲಿಗ್ರಾಂಗೆ ಸಮ ಅಲ್ಲ. ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಮಾಡುವ ಕೆಲಸಕ್ಕೆ ಮಿಥೈಲ್ ಪ್ರೆಡ್ನಿಸೊಲೋನ್ 4 ಸಾಕು, ಡೆಫ್ಲಜಾಕಾರ್ಟ್ ಆದರೆ 6 ಬೇಕು, ಡೆಕ್ಸಾಮೆಥಾಸೋನ್ ಆದರೆ ಮುಕ್ಕಾಲು ಮಿಲಿಗ್ರಾಂ ಸಾಕು.

ಡೆಕ್ಸಾಮೆಥಾಸೋನ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಪ್ರೆಡ್ನಿಸೊಲೋನ್‌ನ ಪರಿಣಾಮ ದೇಹದಲ್ಲಿ 12ರಿಂದ 36 ಗಂಟೆ ಇರುತ್ತದೆ. ಡೆಕ್ಸಾಮೆಥಾಸೋನ್‌ನದು 36 ಗಂಟೆಗೂ ಮೀರಿ. ಹಾಗಾಗಿ ಅದಕ್ಕೆ ಗಂಟೆ ಹೊಂದಿಸುವ ಮಾತೇ ಬರುವುದಿಲ್ಲ. ಕೆಲವು ಕಡೆ ಕೀಲುನೋವಿಗೆ ಅಂತ ಕಾಗದದ ಪೊಟ್ಟಣದಲ್ಲಿ ಪುಡಿ ಕೊಡುತ್ತಾರೆ, ಇಲ್ಲವೇ ಮೂರ್ನಾಲ್ಕು ಬಿಡಿ ಮಾತ್ರೆ ಸೇರಿಸಿ "ಸೆಟ್" ಮಾಡಿ ಕೊಡುತ್ತಾರೆ. ಎರಡೇ ದಿನದಲ್ಲಿ ನೋವು ಮಾಯ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ನೀವು ಅಂಥದ್ದನ್ನು ತೆಗೆದುಕೊಳ್ಳುತ್ತಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ, ಪೊಟ್ಟಣವನ್ನೂ ತೋರಿಸಿ. ಹೆದರಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಅದು ಇನ್ನೂ ಅಪಾಯ.

ಹಂತ 2: ನೋವು ಯಾವ ಜಾತಿಯದು

ಗಂಟೆ ಬದಲಿಸಿದರೆ ಪ್ರಯೋಜನ ಆಗುವುದು ಉರಿಯೂತದ ನೋವಿಗೆ. ಅದರ ಗುರುತು ಹೀಗೆ: ವಿಶ್ರಾಂತಿಯ ನಂತರ ಹೆಚ್ಚು, ಓಡಾಡಿದ ಮೇಲೆ ಕಡಿಮೆ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ, ಎಷ್ಟೋ ಸಲ ಒಂದೆರಡು ಗಂಟೆ. ಬೆರಳಿನ ಬುಡದ ಗೆಣ್ಣು ಊದಿ ಮೆತ್ತಗಿರುತ್ತದೆ. ಸವೆತದ ನೋವು ಇದಕ್ಕೆ ತಿರುಗುಮುರುಗು. ಎದ್ದಾಗ ಸ್ವಲ್ಪ ಹೊತ್ತು ಹಿಡಿದುಕೊಂಡರೂ ಬೇಗ ಬಿಡುತ್ತದೆ, ದಿನವಿಡೀ ದುಡಿದ ಮೇಲೆ ಸಂಜೆ ಜಾಸ್ತಿ. ಸವೆದ ಮೊಣಕಾಲಿಗೆ ಸ್ಟೀರಾಯ್ಡ್ ಮಾತ್ರೆಯ ಗಂಟೆ ಬದಲಿಸಿ ಉಪಯೋಗ ಇಲ್ಲ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಹಾಗಿದ್ದರೆ ಯಾವುದು ಎಷ್ಟು ಎಂಬುದನ್ನು ಮುಂದಿನ ಹಂತವೇ ಹೇಳಿಕೊಡುತ್ತದೆ.

ಹಂತ 3: ಹದಿನಾಲ್ಕು ದಿನ ಬರೆದಿಡಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

"ನೋವು ಹೇಗಿದೆ?" ಅಂತ ಡಾಕ್ಟರು ಕೇಳಿದರೆ ನಾವು "ಜಾಸ್ತಿ ಇದೆ ಸಾರ್" ಅನ್ನುತ್ತೇವೆ. ಅದರಿಂದ ಅವರಿಗೆ ಗಂಟೆಯ ಬಗ್ಗೆ ಏನೂ ತಿಳಿಯುವುದಿಲ್ಲ. ನನ್ನ ಅಮ್ಮನಿಗೆ ಸಂಧಿವಾತ. ಬೇರೆ ಪುಸ್ತಕ ಕೊಟ್ಟರೆ ಬರೆಯುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ಡೇರಿಗೆ ಹಾಲು ಹಾಕುವ ಪುಸ್ತಕದಲ್ಲೇ, ಲೀಟರ್ ಬರೆಯುವ ಸಾಲಿನ ಪಕ್ಕದ ಅಂಚಿನಲ್ಲಿ, ಎರಡೇ ಸಮಯ ಬರೆಯಲು ಹೇಳಿದೆ. ಒಂದು, ಕಣ್ಣು ಬಿಟ್ಟ ಸಮಯ. ಇನ್ನೊಂದು, ಮುಷ್ಟಿ ಪೂರ್ತಿ ಬಿಗಿಯಲು ಬಂದ ಸಮಯ. ನಾಲ್ಕು ಬೆರಳ ತುದಿ ಅಂಗೈಗೆ ತಾಗಿ, ಹೆಬ್ಬೆರಳು ಅದರ ಮೇಲೆ ಕೂತರೆ ಮುಷ್ಟಿ ಆಯಿತು ಅಂತ ಲೆಕ್ಕ. ಮೊದಲ ವಾರದ ಪುಟ ಈಗಲೂ ನನ್ನ ಹತ್ತಿರ ಇದೆ: 5.15 – 9.20, 5.10 – 9.40, 5.15 – 9.30. "ತುಂಬಾ ಹೊತ್ತು ಹಿಡ್ಕೊಂಡಿರುತ್ತೆ" ಅನ್ನುತ್ತಿದ್ದದ್ದು ನಾಲ್ಕು ಗಂಟೆಗೂ ಮೀರಿ ಅಂತ ಮನೆಯವರಿಗೆ ತಿಳಿದದ್ದೇ ಆಗ. ನಾವು ದಿನಾ ಪಕ್ಕದಲ್ಲೇ ಇದ್ದೆವು.

ನೀವು ನಿಮಗೆ ಹೊಂದುವ ಗುರುತು ಇಟ್ಟುಕೊಳ್ಳಿ. ಕೈಯಾದರೆ ಮುಷ್ಟಿ, ಇಲ್ಲವೇ ಅಕ್ಕಿರೊಟ್ಟಿ ತಟ್ಟಲು ಬಂದ ಸಮಯ. ಭುಜವಾದರೆ ತಲೆ ಬಾಚಲು ಕೈ ಎತ್ತಿದ ಸಮಯ. ಕಾಲಾದರೆ ಆಸರೆ ಇಲ್ಲದೆ ಮೆಟ್ಟಿಲು ಇಳಿದ ಸಮಯ. ದಿನಾ ಒಂದೇ ಗುರುತು ಇರಲಿ.

ಇದರ ಜೊತೆ ಬರೆಯಬೇಕಾದ್ದು ಇನ್ನು ನಾಲ್ಕು: ಸ್ಟೀರಾಯ್ಡ್ ನುಂಗಿದ ಗಂಟೆ, ಅದಕ್ಕೆ ಮುಂಚೆ ಏನು ತಿಂದಿರಿ, ರಾತ್ರಿ ನಿದ್ದೆ ಹೇಗಿತ್ತು (ನೋವಿನಿಂದ ಎಚ್ಚರವೋ, ಸುಮ್ನೆ ಎಚ್ಚರವೋ), ಬೇರೆ ನೋವಿನ ಮಾತ್ರೆ ತೆಗೆದುಕೊಂಡಿರಾ. ಶುಗರ್ ಇರುವವರು ಶುಗರ್ ಕೂಡ ಬರೆಯಿರಿ, ಅದನ್ನು ಯಾವಾಗ ನೋಡಬೇಕು ಅಂತ ಹಂತ 7ರಲ್ಲಿದೆ. ಬರೆಯಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಶಾಲೆಗೆ ಹೊರಡುವ ಮುಂಚೆ ಬರೆದುಕೊಟ್ಟರೆ ಸಾಕು.

ಹಂತ 4: ಈಗಿರುವ ಗಂಟೆಯನ್ನೇ ಮೊದಲು ನೇರ ಮಾಡಿ

ಪುಸ್ತಕ ತಿರುವಿದರೆ ಎಷ್ಟೋ ಜನರದು ಒಂದು ದಿನ 8 ಗಂಟೆ, ಒಂದು ದಿನ 11, ಸಂತೆಯ ದಿನ ಮಧ್ಯಾಹ್ನ 2, ಹೀಗಿರುತ್ತದೆ. ಗಂಟೆಯೇ ನಿಲ್ಲದಿದ್ದರೆ ಅದನ್ನು ಬದಲಿಸುವುದು ಎಲ್ಲಿಂದ? ಮೊದಲು ಒಂದು ವಾರ ಚೀಟಿಯಲ್ಲಿ ಬರೆದ ಹೊತ್ತಿಗೆ, ದಿನಾ ಒಂದೇ ಸಮಯಕ್ಕೆ ತೆಗೆದುಕೊಳ್ಳಿ. ಬರೀ "ಬೆಳಿಗ್ಗೆ" ಅಂತ ಇದ್ದರೆ ಎಂಟು ಗಂಟೆಯ ಆಸುಪಾಸು ಸಾಮಾನ್ಯ. ಇಷ್ಟರಿಂದಲೇ ಹಲವರಿಗೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಆಹಾರದ ವಿಷಯ. ಬೆಳಿಗ್ಗೆ ಎದ್ದು ಬರೀ ಬೆಲ್ಲದ ಕಾಫಿಯ ಜೊತೆ ಮಾತ್ರೆ ನುಂಗುವ ಅಭ್ಯಾಸ ನಮ್ಮ ಕಡೆ ಬಹಳ. ಬೇಡ. ಹೊಟ್ಟೆ ಉರಿಗೆ ಅದೇ ದಾರಿ. ಪೂರ್ತಿ ತಿಂಡಿಯೇ ಆಗಬೇಕೆಂದಿಲ್ಲ, ಎರಡು ಬಿಸ್ಕತ್ತು ಮತ್ತು ಅರ್ಧ ಲೋಟ ಹಾಲು, ಇಲ್ಲವೇ ಒಂದು ಬಾಳೆಹಣ್ಣು ಸಾಕು.

ಬೇರೆ ಮಾತ್ರೆಗಳ ಅಂತರ ನೋಡಿ. ಹೊಟ್ಟೆ ಉರಿಗೆ ಕುಡಿಯುವ ಬಿಳಿ ಅಥವಾ ಗುಲಾಬಿ ಬಣ್ಣದ ಆಂಟಾಸಿಡ್ ಟಾನಿಕ್ ಸ್ಟೀರಾಯ್ಡ್ ಹೀರಿಕೊಳ್ಳುವುದನ್ನು ತಗ್ಗಿಸಬಹುದು. ಎರಡರ ನಡುವೆ ಎರಡು ಗಂಟೆ ಬಿಡಿ. ಥೈರಾಯ್ಡ್ ಮಾತ್ರೆ ಇದ್ದರೆ ಅದು ಖಾಲಿ ಹೊಟ್ಟೆಗೆ ಮೊದಲು, ಅರ್ಧದಿಂದ ಒಂದು ಗಂಟೆ ಬಿಟ್ಟು ತಿನ್ನುವುದು, ಆಮೇಲೆ ಸ್ಟೀರಾಯ್ಡ್. ಮೂಳೆಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಿ, ಮಧ್ಯಾಹ್ನದ ಊಟಕ್ಕೆ ಹಾಕಿಕೊಂಡರೆ ತಲೆನೋವಿಲ್ಲ. ಆ ಕ್ಯಾಲ್ಸಿಯಂ ಅನ್ನು "ಅದು ಬರೀ ಶಕ್ತಿ ಮಾತ್ರೆ" ಅಂತ ಬಿಡಬೇಡಿ. ಸ್ಟೀರಾಯ್ಡ್‌ನಿಂದ ಮೂಳೆ ಅತಿ ಬೇಗ ಸವೆಯುವುದು ಮೊದಲ ಮೂರರಿಂದ ಆರು ತಿಂಗಳಲ್ಲೇ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಯನ್ನು ಸ್ಟೀರಾಯ್ಡ್ ಜೊತೆ ನಿಮ್ಮಷ್ಟಕ್ಕೆ ನೀವೇ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯ ಬಹಳ ಹೆಚ್ಚು. ಮಲ ಕಪ್ಪಗೆ ಟಾರಿನಂತೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 5: ಡಾಕ್ಟರ ಮುಂದೆ ಏನು ಕೇಳಬೇಕು

ಪುಸ್ತಕ, ಹಳೆಯ ಚೀಟಿ, ಎಲ್ಲಾ ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಹೋಗಿ. ಕೀಲುರೋಗ ತಜ್ಞರು (ರುಮಟಾಲಜಿಸ್ಟ್ ಅನ್ನುವವರು) ಅಂತ ಬೆಂಗಳೂರು, ಮೈಸೂರಿಗೆ ಮೂರು ತಿಂಗಳಿಗೊಮ್ಮೆ ಹೋಗುವವರು ಅಲ್ಲಿಯವರೆಗೆ ಕಾಯಬೇಕಿಲ್ಲ. ಅವರಿಗೆ ಫೋನಿನಲ್ಲಿ ಪುಟದ ಫೋಟೊ ಕಳಿಸಬಹುದೇ ಕೇಳಿ. ಇಲ್ಲವೇ ನಿಮ್ಮ ಊರಿನ ಡಾಕ್ಟರಿಗೆ ಅಥವಾ ಹಿಮ್ಸ್‌ನ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಕೇಳುವುದು ಒಂದೇ ಪ್ರಶ್ನೆ: "ಪ್ರಮಾಣ ಇಷ್ಟೇ ಇರಲಿ ಸಾರ್, ಗಂಟೆ ಬದಲಿಸಿದರೆ ಬೆಳಗಿನ ಬಿಗಿತ ಕಡಿಮೆ ಆಗಬಹುದಾ?"

ಅವರು ಹೇಳಬಹುದಾದ ದಾರಿಗಳು ಮೂರು.

ಒಂದು, ಬೆಳಗಿನ ಮಾತ್ರೆಯನ್ನು ಇನ್ನೂ ಮುಂಚೆ ತರುವುದು. ಒಂಬತ್ತರ ಬದಲು ಐದು. ನನಗೆ ಕೇಳಿದರೆ ಮೊದಲು ಕೇಳಬೇಕಾದ ದಾರಿ ಇದೇ, ಯಾಕೆಂದರೆ ಕಳೆದುಕೊಳ್ಳುವುದು ಅತಿ ಕಡಿಮೆ. ದೇಹದ ಸ್ವಂತ ಕಾರ್ಟಿಸೋಲ್ ಏರುವ ಹೊತ್ತೂ ಅದೇ ಆದ್ದರಿಂದ ದೇಹದ ಲೆಕ್ಕ ಹೆಚ್ಚು ಕೆಡುವುದಿಲ್ಲ, ರಾತ್ರಿಯ ನಿದ್ದೆಗೂ ತೊಂದರೆ ಕಡಿಮೆ. ಹಸು ಕಟ್ಟಿರುವ ಮನೆಯವರು, ತೋಟದ ಕೆಲಸಕ್ಕೆ ಹೋಗುವವರು ಹೇಗೂ ಆ ಹೊತ್ತಿಗೆ ಏಳುತ್ತಾರೆ. ಉಳಿದವರು ಅಲಾರಂ ಇಟ್ಟು ನುಂಗಿ ಮತ್ತೆ ಮಲಗಬಹುದು.

ಎರಡು, ಪ್ರಮಾಣವನ್ನು ಒಡೆಯುವುದು. ಹೆಚ್ಚಿನ ಪಾಲು ಬೆಳಿಗ್ಗೆ, ಸ್ವಲ್ಪ ಸಂಜೆ. ಬೆಳಿಗ್ಗೆ ತೆಗೆದುಕೊಂಡದ್ದು ರಾತ್ರಿಯ ಹೊತ್ತಿಗೆ ಇಳಿದು, ನೋವು ಮಲಗಲು ಬಿಡದವರಿಗೆ ಕೆಲವು ಡಾಕ್ಟರು ಹೀಗೆ ಮಾಡುತ್ತಾರೆ. ಇದಕ್ಕೆ ಕೊಡಬೇಕಾದ ಬೆಲೆ ಇದೆ. ಮಿದುಳು ರಾತ್ರಿ ರಕ್ತದಲ್ಲಿ ಸ್ಟೀರಾಯ್ಡ್ ಎಷ್ಟಿದೆ ಅಂತ ನೋಡಿ, ಕಡಿಮೆ ಇದ್ದರೆ ಅಡ್ರಿನಲ್ ಗ್ರಂಥಿಗೆ "ತಯಾರಿಸು" ಅಂತ ಸಂದೇಶ ಕಳಿಸುತ್ತದೆ. ಟ್ಯಾಂಕ್ ತುಂಬಿದ್ದರೆ ಯಾರಾದರೂ ಮೋಟರ್ ಆನ್ ಮಾಡುತ್ತಾರಾ? ಸಂಜೆ ಮಾತ್ರೆ ನುಂಗಿದರೆ ಟ್ಯಾಂಕ್ ತುಂಬಿದಂತೆ ಕಾಣುತ್ತದೆ, ಸಂದೇಶ ಹೋಗುವುದಿಲ್ಲ. ತಿಂಗಳುಗಟ್ಟಲೆ ಹೀಗಾದರೆ ಮೋಟರೇ ಜಡ್ಡು ಹಿಡಿಯುತ್ತದೆ. ಮುಂದೆ ಮಾತ್ರೆ ಬಿಡಿಸುವುದು ಕಷ್ಟ. ನಿದ್ದೆಯೂ ಕೆಡಬಹುದು. ಹಾಗಾಗಿ ಇದನ್ನು ಡಾಕ್ಟರು ಹೇಳಿದರೆ ಮಾತ್ರ, ಅವರು ಹೇಳಿದಷ್ಟು ದಿನ ಮಾತ್ರ.

ಮೂರು, ಮೇಲೆ ಹೇಳಿದ ತಡವಾಗಿ ಕರಗುವ ಮಾತ್ರೆ. ಡಾಕ್ಟರು ಬರೆದು ನಿಮಗೆ ಸಿಕ್ಕರೆ, ಅದನ್ನು ಮುರಿಯಬಾರದು, ಅಗಿಯಬಾರದು, ಪುಡಿ ಮಾಡಬಾರದು. ಮುರಿದರೆ ಅದು ಆಗಲೇ ಕರಗಿಬಿಡುತ್ತದೆ. ಊಟದ ನಂತರ, ಹೊಟ್ಟೆಯಲ್ಲಿ ಆಹಾರ ಇರುವಾಗಲೇ ನುಂಗಬೇಕು.

ಅದೇ ಭೇಟಿಯಲ್ಲಿ ಇನ್ನೊಂದನ್ನು ಕೇಳಿ ಬರೆಯಿಸಿಕೊಳ್ಳಿ: "ಇದು ಎಷ್ಟು ದಿನಕ್ಕೆ?" ಸಂಧಿವಾತದಲ್ಲಿ ಸ್ಟೀರಾಯ್ಡ್ ಒಂದು ಸೇತುವೆ ಇದ್ದ ಹಾಗೆ. ಕಾಯಿಲೆಯ ಬೇರಿಗೆ ಕೆಲಸ ಮಾಡುವ ಮಿಥೊಟ್ರೆಕ್ಸೇಟ್‌ನಂಥ ಔಷಧಿ ಹಿಡಿತಕ್ಕೆ ಬರಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ದಾಟಿಸಲು ಸ್ಟೀರಾಯ್ಡ್. ಆದಷ್ಟು ಬೇಗ, ಸಾಧ್ಯವಾದರೆ ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುವುದೇ ಈಗಿನ ತಜ್ಞರ ಗುರಿ. ವರ್ಷಗಟ್ಟಲೆ ಬರೀ ಸ್ಟೀರಾಯ್ಡ್ ಒಂದರ ಮೇಲೇ ಇದ್ದೀರಿ ಅಂದರೆ, ಕೇಳಬೇಕಾದ್ದು ಗಂಟೆಯ ಬಗ್ಗೆ ಅಲ್ಲ, ಬೇರೆ ಔಷಧಿಯ ಬಗ್ಗೆ. ಮತ್ತೆ, ಮಿಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಸ್ಟೀರಾಯ್ಡ್ ಜೊತೆ ಇಟ್ಟುಕೊಂಡು ದಿನಾ ನುಂಗಿ ಜೀವಕ್ಕೇ ಕುತ್ತು ತಂದುಕೊಳ್ಳುವವರಿದ್ದಾರೆ. ಅದನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ವಾರದ ಹೆಸರು ಬರೆದಿಡಿ.

ಹಂತ 6: ಬದಲಿಸುವ ದಿನ

ಒಂಬತ್ತರಿಂದ ಐದಕ್ಕೆ ತರುವುದಾದರೆ ಸಾಮಾನ್ಯವಾಗಿ ಸುಲಭ. ಇವತ್ತು ಒಂಬತ್ತಕ್ಕೆ ತೆಗೆದುಕೊಳ್ಳಿ, ನಾಳೆ ಐದಕ್ಕೆ. ನಾಳೆ ಒಂಬತ್ತಕ್ಕೆ ಮತ್ತೆ ಇಲ್ಲ. ಈ ಕೊನೆಯ ಸಾಲನ್ನು ಮನೆಯವರಿಗೂ ಹೇಳಿ. ಅಭ್ಯಾಸಬಲದಿಂದ ಸೊಸೆ ತಿಂಡಿಯ ಜೊತೆ ಮಾತ್ರೆ ಇಟ್ಟುಬಿಡುತ್ತಾಳೆ, ಅತ್ತೆ ನುಂಗಿಬಿಡುತ್ತಾರೆ, ದಿನಕ್ಕೆ ಎರಡಾಯಿತು.

ರಾತ್ರಿಯೇ ತಯಾರಿ ಮಾಡಿಟ್ಟುಕೊಳ್ಳಿ. ಹಾಸಿಗೆಯ ಪಕ್ಕ ಮುಚ್ಚಿದ ಲೋಟದಲ್ಲಿ ನೀರು, ಎರಡು ಬಿಸ್ಕತ್ತು, ಒಂದು ದಿನದ ಮಾತ್ರೆ ಮಾತ್ರ. ಪೂರ್ತಿ ಸ್ಟ್ರಿಪ್ ಇಟ್ಟರೆ ನಿದ್ದೆಗಣ್ಣಿನಲ್ಲಿ ನುಂಗಿದ್ದೇ ಮರೆತು ಮತ್ತೆ ನುಂಗುವುದುಂಟು. ಬಿಗಿದ ಬೆರಳಿಗೆ ಸ್ಟ್ರಿಪ್ ಒಡೆಯುವುದೇ ಒಂದು ಕಷ್ಟ, ಹಾಗಾಗಿ ಮಾತ್ರೆಯನ್ನು ಮೊದಲೇ ಬಿಡಿಸಿ, ತೆರೆಯಲು ಸುಲಭವಾದ ಪುಟ್ಟ ಡಬ್ಬಿಗೆ ಹಾಕಿಡಿ. ತಿರುಗಿಸುವ ಮುಚ್ಚಳ ಬೇಡ.

ಬೆಳಗಿನದನ್ನು ರಾತ್ರಿಗೆ ತರುವುದಾದರೆ ಮೊದಲ ದಿನ ಏನು ಮಾಡಬೇಕು ಎಂಬುದನ್ನು ಡಾಕ್ಟರೇ ಬರೆದುಕೊಡಬೇಕು. ಒಂದೇ ದಿನ ಬೆಳಿಗ್ಗೆ ಪೂರ್ತಿ, ರಾತ್ರಿ ಪೂರ್ತಿ ಅಂತ ನೀವೇ ಲೆಕ್ಕ ಹಾಕಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ವಾರ ಹೊಸ ಎಣ್ಣೆ, ಹೊಸ ಕಷಾಯ, ಹೊಸ ಮಾತ್ರೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಂತ 7: ಎರಡು ವಾರ ನೋಡಿ

ಮತ್ತೆ ಅದೇ ಪುಸ್ತಕ, ಅದೇ ಗುರುತು. ಮೊದಲ ಎರಡು ಮೂರು ದಿನದ ಮೇಲೆ ತೀರ್ಮಾನ ಮಾಡಬೇಡಿ. ಗಂಟೆ ಬದಲಿಸಿದ ಮೇಲೆ ಅಮ್ಮನ ಮುಷ್ಟಿ ಬಿಗಿಯುವ ಸಮಯ 9.30ರಿಂದ ಎರಡು ವಾರದಲ್ಲಿ ಸುಮಾರು 7.45ಕ್ಕೆ ಬಂತು. ಹಾಲು ಕರೆಯುವ ಹೊತ್ತಿಗೆ ಆಗಲೂ ಕೈಯ ಬಿಗಿತ ಬಿಡಲಿಲ್ಲ, ಅದಕ್ಕೆ ಇನ್ನೊಂದು ಔಷಧಿ ಹಿಡಿತಕ್ಕೆ ಬರುವವರೆಗೆ ಕಾಯಬೇಕಾಯಿತು. ಗಂಟೆ ಬದಲಿಸುವುದರಿಂದ ಸಿಗುವುದು ಇಂಥ ಒಂದೆರಡು ಗಂಟೆ. ನೋವಿರುವವರಿಗೆ ಆ ಒಂದೆರಡು ಗಂಟೆಯ ಬೆಲೆ ಗೊತ್ತು.

ಶುಗರ್ ಇರುವವರು ಇಲ್ಲಿ ನಿಧಾನವಾಗಿ ಓದಿ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೊಲೋನ್ ಶುಗರ್ ಏರಿಸುವುದು ಮಧ್ಯಾಹ್ನ ಮತ್ತು ಸಂಜೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ಮಾಡಿಸಿ "ನಾರ್ಮಲ್ ಇದೆ" ಅಂತ ನೆಮ್ಮದಿಯಾಗಿರುವವರು ಬಹಳ. ಮಧ್ಯಾಹ್ನದ ಊಟದ ಎರಡು ಗಂಟೆ ನಂತರ, ಮತ್ತು ರಾತ್ರಿ ಊಟಕ್ಕೆ ಮುಂಚೆ ನೋಡಿ. ಸ್ಟೀರಾಯ್ಡ್ ಗಂಟೆ ಬದಲಾದರೆ ಶುಗರ್ ಏರುವ ಹೊತ್ತೂ ಬದಲಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಡಾಕ್ಟರಿಗೆ ಹೇಳದೆ ಗಂಟೆ ಬದಲಿಸಲೇಬೇಡಿ, ತಪ್ಪು ಹೊತ್ತಿನಲ್ಲಿ ಶುಗರ್ ತೀರಾ ಇಳಿಯಬಹುದು.

ಬಿಪಿ ವಾರಕ್ಕೊಮ್ಮೆ ನೋಡಿಸಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾಡಿಸಿ. ಸ್ಟೀರಾಯ್ಡ್ ಮೇಲಿರುವಾಗ ಒಳಗೆ ಅಡಗಿದ್ದ ಟಿ.ಬಿ. ಏಳಬಹುದು. ಕಣ್ಣು ಮಂಜಾದರೆ ವಯಸ್ಸಾಯಿತು ಅಂತ ಬಿಡಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಕಾಫಿ ತೋಟದಲ್ಲಿ, ಗದ್ದೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು ಅದನ್ನೂ ಡಾಕ್ಟರಿಗೆ ಹೇಳಿ. ಒದ್ದೆ ಮಣ್ಣಿನಿಂದ ಅಂಗಾಲಿನ ಮೂಲಕ ಒಳಗೆ ಸೇರುವ ಒಂದು ಬಗೆಯ ಹುಳು ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ವಿಪರೀತ ಹೆಚ್ಚಿ ಪ್ರಾಣಾಪಾಯ ತರಬಲ್ಲದು. ಮೊದಲೇ ಗೊತ್ತಿದ್ದರೆ ಅದಕ್ಕೆ ಔಷಧಿ ಇದೆ.

ಹಂತ 8: ಗಂಟೆ ತಪ್ಪಿದ ದಿನ, ಜ್ವರದ ದಿನ

ಮಾತ್ರೆ ಮರೆತು, ಅದೇ ದಿನ ನೆನಪಾದರೆ ಏನಾದರೂ ತಿಂದು ತೆಗೆದುಕೊಳ್ಳಿ. ಮರುದಿನ ಬೆಳಿಗ್ಗೆ ನೆನಪಾದರೆ ಆ ದಿನದ್ದು ಮಾತ್ರ. ಎರಡು ಸೇರಿಸಬೇಡಿ.

ನಸುಕಿನ ಬಸ್ಸಿಗೆ ಬೆಂಗಳೂರಿಗೆ ಹೊರಟ ದಿನ ಮಾತ್ರೆ ಮನೆಯಲ್ಲೇ ಉಳಿಯುವುದು ಸಾಮಾನ್ಯ. ಚೀಲದಲ್ಲಿ ಎರಡು ದಿನದ್ದು ಯಾವಾಗಲೂ ಇರಲಿ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಇದ್ದರೆ ರಕ್ತ ಕೊಟ್ಟ ತಕ್ಷಣ ತಿಂದು ನುಂಗಿ. ಕಾರ್ಟಿಸೋಲ್ ಪರೀಕ್ಷೆ ಬರೆದಿದ್ದರೆ ಮಾತ್ರ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಅಂತ ಮೊದಲೇ ಕೇಳಿಕೊಳ್ಳಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರೂ ಮುಂಚೆಯೇ ಕೇಳಿ. ಉಪವಾಸ ಅಂತ ಸ್ಟೀರಾಯ್ಡ್ ಬಿಡುವ ಹಾಗಿಲ್ಲ, ಬರೀ ಹೊಟ್ಟೆಗೆ ನುಂಗುವ ಹಾಗೂ ಇಲ್ಲ.

ಜ್ವರ ಬಂದಾಗ, ಆಪರೇಷನ್ ಇದ್ದಾಗ, ಹಲ್ಲು ಕೀಳಿಸುವಾಗ ದೇಹಕ್ಕೆ ಹೆಚ್ಚು ಕಾರ್ಟಿಸೋಲ್ ಬೇಕು. ಆರೋಗ್ಯವಂತರ ಗ್ರಂಥಿ ತಾನೇ ತಯಾರಿಸಿಕೊಳ್ಳುತ್ತದೆ, ಜಡ್ಡು ಹಿಡಿದ ಗ್ರಂಥಿಗೆ ಆಗುವುದಿಲ್ಲ. ಅಂಥ ದಿನಗಳಲ್ಲಿ ಎಷ್ಟು ಹೆಚ್ಚಿಸಬೇಕು ಅಂತ ಡಾಕ್ಟರಿಂದ ಮೊದಲೇ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಜ್ವರ ಏರಿದಾಗ ಆ ಚೀಟಿ ಬೇಕಾಗುತ್ತದೆ.

ಯಾವತ್ತೂ ಮಾಡಬಾರದ್ದು

ನೋವು ಕಡಿಮೆಯಾಯಿತು, ಮುಖ ಊದಿತು, ಪಕ್ಕದ ಮನೆಯವರು "ಸ್ಟೀರಾಯ್ಡ್ ವಿಷ" ಅಂದರು, ಹೀಗೆ ಯಾವ ಕಾರಣಕ್ಕೂ ದಿಢೀರ್ ನಿಲ್ಲಿಸಬೇಡಿ. ಮೂರು ವಾರಕ್ಕಿಂತ ಹೆಚ್ಚು ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಕೆಲಸ ತಗ್ಗಿಸಿರಬಹುದು. ಅದು ಮತ್ತೆ ಎಚ್ಚರಾಗಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಅದಕ್ಕೇ ಡಾಕ್ಟರು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಚೀಟಿಯಲ್ಲಿ ಇಳಿಸುವ ಲೆಕ್ಕ ಅರ್ಥವಾಗದಿದ್ದರೆ ನಿಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಿ, ಕ್ಯಾಲೆಂಡರಿನ ಮೇಲೆ ದಿನ ದಿನದ ಪ್ರಮಾಣ ಬರೆಸಿಕೊಳ್ಳಿ. ನಾವು ಸಂತೋಷದಿಂದ ಬರೆದುಕೊಡುತ್ತೇವೆ. ಊರಿಗೆ ಹೋದಾಗ ಮಾತ್ರೆ ಮುಗಿದುಹೋಗುವುದೂ ದಿಢೀರ್ ನಿಲ್ಲಿಸಿದಂತೆಯೇ. ಕೊನೆಯ ಹತ್ತು ಮಾತ್ರೆ ಉಳಿದಾಗಲೇ ಹೊಸದು ತನ್ನಿ.

ಒಂದು ಪುಟ್ಟ ಕಾಗದದಲ್ಲಿ ಇಷ್ಟು ಬರೆದು ಪರ್ಸಿನಲ್ಲೋ, ಮೊಬೈಲ್ ಕವರಿನ ಹಿಂದೆಯೋ ಇಡಿ: ಔಷಧಿಯ ಹೆಸರು, ಮಿಲಿಗ್ರಾಂ, ನುಂಗುವ ಗಂಟೆ, ಯಾವ ತಿಂಗಳಿಂದ, ಯಾವ ಕಾಯಿಲೆಗೆ, ಡಾಕ್ಟರ ಫೋನ್ ನಂಬರ್.

ಮಾತ್ರೆ ನಿಲ್ಲದಷ್ಟು ವಾಂತಿ ಭೇದಿ, ಎದ್ದರೆ ಕಣ್ಣು ಕತ್ತಲೆ, ವಿಪರೀತ ಸುಸ್ತು, ಹೊಟ್ಟೆನೋವು, ಮಾತು ತೊದಲುವುದು ಇವು ಒಟ್ಟಿಗೆ ಕಂಡರೆ ಮನೆಯಲ್ಲಿ ಎಳನೀರು ಕುಡಿಸುತ್ತಾ ಕೂರಬೇಡಿ. ಆಗ ಬೇಕಾದ್ದು ಇಂಜೆಕ್ಷನ್. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ, ಆ ಕಾಗದ ತೋರಿಸಿ. ಜೊತೆಗೆ ಹೋದವರು ಬಾಗಿಲಲ್ಲೇ ಮೊದಲು ಹೇಳಬೇಕಾದ ಮಾತು: "ಇವರು ತಿಂಗಳುಗಟ್ಟಲೆಯಿಂದ ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ದಾರೆ, ಇವತ್ತಿನದು ಹೊಟ್ಟೆಯಲ್ಲಿ ನಿಂತಿಲ್ಲ."